ಗ್ಯಾರೇಜ್ ಕಟ್ಟೆ: ಮಳೆಗಾಲವಿಡೀ ನಿಲ್ಲುವ ಬುಲೆಟ್‌ಗೆ ಲಿಥಿಯಂ ಬ್ಯಾಟರಿ ಹಾಕಬಹುದೆ?

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟ. ಸೆಲ್ಫ್ ಇರುವ 2014ರ ಬುಲೆಟ್ 350 ಇದೆ, ಬ್ಯಾಟರಿ 12 ವೋಲ್ಟ್ 14 ಆಂಪಿಯರ್-ಅವರ್. ಜೂನ್‌ನಲ್ಲಿ ಮಳೆ ಹಿಡಿದರೆ ಗಾಡಿ ಶೆಡ್ಡಿಗೆ, ಕೈಲ್ ಮುಹೂರ್ತದ ಹೊತ್ತಿಗೆ ಹೊರಗೆ. ತೆಗೆದಾಗಲೆಲ್ಲ ಬ್ಯಾಟರಿ ಸತ್ತಿರುತ್ತದೆ. ನಾಲ್ಕು ವರ್ಷದಲ್ಲಿ ಮೂರು ಹೋದವು. "ಲಿಥಿಯಂ ಹಾಕಿಸಿ ಅಪ್ಪ, ಹತ್ತು ವರ್ಷ ತಿರುಗಿ ನೋಡಬೇಕಿಲ್ಲ" ಎನ್ನುತ್ತಾನೆ ಬೆಂಗಳೂರಿನಲ್ಲಿರುವ ಮಗ. ಹಾಕಿಸಲೆ? ತೋಟದ ಡೀಸೆಲ್ ಜೀಪಿಗೂ ಅದೇ ಸಾಕೆ?
— ಓದುಗರು, ನಾಪೋಕ್ಲು

ಉತ್ತರ: ಹಾಕಿಸಬಹುದು ಸರ್. ಆದರೆ ಹೊಸದು ಯಾವುದು ಅಂತ ನೋಡುವ ಮುಂಚೆ ಹಳೆಯ ಮೂರು ಯಾಕೆ ಸತ್ತವು ಅಂತ ನೋಡಿ. ಆ ಕಾರಣ ಗಾಡಿಯಲ್ಲೇ ಉಳಿದರೆ ನಾಲ್ಕನೆಯದೂ ಸಾಯುತ್ತದೆ, ಈ ಸಲ ಹೋಗುವ ದುಡ್ಡು ಮಾತ್ರ ಹಲವು ಪಟ್ಟು.

ಗೋಣಿಕೊಪ್ಪಲಿನ ನನ್ನ ಗ್ಯಾರೇಜಿಗೆ ಪ್ರತಿ ಸೆಪ್ಟೆಂಬರ್‌ನಲ್ಲೂ ಇಂಥ ಬ್ಯಾಟರಿಗಳು ಸಾಲಾಗಿ ಬರುತ್ತವೆ. ಮುಚ್ಚಳ ಇರುವಂಥದ್ದಾದರೆ ಬಿಚ್ಚಿ ಟಾರ್ಚ್ ಬಿಟ್ಟು ತೋರಿಸುತ್ತೇನೆ. ಆಟಿ ತಿಂಗಳಲ್ಲಿ ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತದಲ್ಲ, ಪ್ಲೇಟುಗಳ ಮೇಲೆ ಹಾಗೆ ಬೆಳ್ಳಗೆ ಹಿಡಿದಿರುತ್ತದೆ. ಅದು ಲೆಡ್ ಸಲ್ಫೇಟ್. ಬ್ಯಾಟರಿ ಇಳಿದಾಗೆಲ್ಲ ಅದು ಕೂರುವುದು ಸಹಜ, ಕೂಡಲೇ ಚಾರ್ಜ್ ಮಾಡಿದರೆ ಹೋಗಿಬಿಡುತ್ತದೆ. ಇಳಿದ ಬ್ಯಾಟರಿಯನ್ನು ಎರಡು ಮೂರು ತಿಂಗಳು ಹಾಗೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಕರೆಂಟ್ ಕೊಟ್ಟರೂ ಹೋಗುವುದಿಲ್ಲ. ನಿಮ್ಮ ಮೂರೂ ಬ್ಯಾಟರಿ ಹೀಗೇ ಹೋಗಿವೆ ಅನ್ನುವುದು ನನ್ನ ಅಂದಾಜು.

ಲಿಥಿಯಂನಲ್ಲಿ ಈ ಸಲ್ಫೇಟ್ ತಾಪತ್ರಯ ಇಲ್ಲ. ಅರ್ಧ ಚಾರ್ಜಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಮಗ ಹೇಳುವುದು ಅಷ್ಟರಮಟ್ಟಿಗೆ ಸರಿ. ಆದರೆ ಪೂರ್ತಿ ಬರಿದಾಯಿತೋ, ನಿಮ್ಮ ಹಳೆಯ ಸೀಸದ (ಲೆಡ್) ಬ್ಯಾಟರಿಗಿಂತ ಕೆಟ್ಟದಾಗಿ ಸಾಯುತ್ತದೆ. ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ, ಆ ಸ್ಥಿತಿಯಲ್ಲಿ ಚಾರ್ಜಿಗೆ ಹಾಕಿದರೆ ಒಳಗೇ ಶಾರ್ಟ್ ಆಗಬಹುದು. ಒಳ್ಳೆಯ ಬ್ಯಾಟರಿಗಳಲ್ಲಿ ಬಿಎಂಎಸ್ ಅನ್ನುವ ಸರ್ಕ್ಯೂಟ್ ಇದ್ದು, ವೋಲ್ಟೇಜ್ ತೀರಾ ಇಳಿಯುವ ಮೊದಲೇ ಸಂಪರ್ಕ ಕಡಿಯುತ್ತದೆ. ಅಗ್ಗದ ಕೆಲವದರಲ್ಲಿ ಆ ಕಾವಲು ಇಲ್ಲ.

ಮೊದಲು ಲೀಕ್ ಅಳೆಯಿರಿ, ಅಂದರೆ ಗಾಡಿ ನಿಂತಿದ್ದಾಗಲೂ ಬ್ಯಾಟರಿಯಿಂದ ಸೋರುವ ಕರೆಂಟ್. ಕೀ ಆಫ್ ಮಾಡಿ, ನೆಗೆಟಿವ್ ವೈರ್ ಬಿಚ್ಚಿ, ಆ ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮಲ್ಟಿಮೀಟರನ್ನು ಆಂಪಿಯರ್‌ಗೆ ಇಟ್ಟು ಹಿಡಿಯಿರಿ. ಆಗ ಕೀ ಆನ್ ಮಾಡಬಾರದು, ಸೆಲ್ಫ್ ಅಂತೂ ಮುಟ್ಟಲೇಬಾರದು. ಎರಡು ಮೂರು ಮಿಲಿ ಆಂಪಿಯರ್ ಬಂದರೆ ಚಿಂತೆ ಇಲ್ಲ. 30 ಬಂತು ಅಂತಿಟ್ಟುಕೊಳ್ಳಿ. ದಿನಕ್ಕೆ 0.72 ಆಂಪಿಯರ್-ಅವರ್ ಸೋರುತ್ತದೆ, ನಿಮ್ಮ 14ರ ಬ್ಯಾಟರಿ ಇಪ್ಪತ್ತು ದಿನಕ್ಕೆ ಖಾಲಿ. ಜೂನ್ ಮುಗಿಯುವ ಮುಂಚೆಯೇ ಮುಗಿಯಿತು.

ಈಗ ಅದೇ ಜಾಗಕ್ಕೆ ಲಿಥಿಯಂ ಹಾಕಿ ನೋಡಿ. ಡಬ್ಬದ ಮೇಲೆ 14 ಅಂತ ದೊಡ್ಡದಾಗಿ ಅಚ್ಚಾಗಿರುತ್ತದೆ. ಎಷ್ಟೋ ಬ್ಯಾಟರಿಗಳಲ್ಲಿ ಅದು ನಿಜವಾದ ಸಾಮರ್ಥ್ಯವಲ್ಲ, 14ರ ಸೀಸದ ಬ್ಯಾಟರಿಯಷ್ಟೇ ಜೋರಾಗಿ ಸೆಲ್ಫ್ ಎತ್ತುತ್ತದೆ ಅನ್ನುವ ಲೆಕ್ಕ. ನಿಜವಾದ ಅಂಕಿ ಬೇಕಾದರೆ ವಾಟ್-ಅವರ್ ಹುಡುಕಿ, ಬ್ಯಾಟರಿಯ ವೋಲ್ಟೇಜ್ ಆದ 12.8ರಿಂದ ಭಾಗಿಸಿ. 54 ವಾಟ್-ಅವರ್ ಇದ್ದರೆ ಸುಮಾರು 4.2 ಆಂಪಿಯರ್-ಅವರ್. ಅದೇ 30 ಮಿಲಿ ಆಂಪಿಯರ್ ಲೀಕಿಗೆ ಅದು ಆರು ದಿನ ಬಾಳುತ್ತದೆ. ಅಂಗಡಿಯಲ್ಲಿ ಈ ಭಾಗಾಕಾರ ಮಾಡಿ ತೋರಿಸುವವರು ಸಿಗುವುದು ಕಷ್ಟ, ಹಾಗಾಗಿ ನೀವೇ ಮಾಡಿ.

ಎರಡನೆಯದು ಚಾರ್ಜಿಂಗ್ ವೋಲ್ಟೇಜ್. ಇದನ್ನು ನಾನು ನೋವಿನಿಂದ ಕಲಿತೆ. ಮೂರು ವರ್ಷದ ಹಿಂದೆ ಸಿದ್ದಾಪುರದ ಹುಡುಗನೊಬ್ಬ ಲಿಥಿಯಂ ತಂದು ಹಾಕಿಕೊಡಿ ಅಂದ. ಕೈತುಂಬ ಕೆಲಸವಿತ್ತು, ಅಳೆಯದೆ ಹಾಕಿಕೊಟ್ಟೆ. ರಾತ್ರಿ ಎಂಟರ ಸುಮಾರಿಗೆ ಕುಟ್ಟ ರಸ್ತೆಯಿಂದ ಫೋನ್: "ಅಣ್ಣಾ, ಹೆಡ್‌ಲೈಟ್ ಒಂದ್ಸಲ ಬೆಳ್ಳಗೆ ಉರಿದು ಆರಿಹೋಯ್ತು, ಗಾಡಿನೂ ನಿಂತೋಯ್ತು." ಅದು ಕಾಡಂಚು, ಆನೆ ಓಡಾಡುವ ಜಾಗ. ಪಿಕಪ್ ತೆಗೆದುಕೊಂಡು ಹೋಗಿ ಅವನನ್ನೂ ಗಾಡಿಯನ್ನೂ ಕರೆತರುವವರೆಗೆ ನನ್ನ ಜೀವದಲ್ಲಿ ಜೀವ ಇರಲಿಲ್ಲ. ಮರುದಿನ ಬೇರೆ ಬ್ಯಾಟರಿ ಇಟ್ಟು, ರೇಸ್ ಕೊಟ್ಟು ಅಳೆದರೆ ಟರ್ಮಿನಲ್‌ನಲ್ಲಿ 15.9 ವೋಲ್ಟ್. ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿ ಎಷ್ಟು ದಿನವಾಗಿತ್ತೋ, ಹಳೆಯ ಸೀಸದ ಬ್ಯಾಟರಿ ತನ್ನ ನೀರು ಕುದಿಸಿಕೊಂಡು ಆ ಹೆಚ್ಚುವರಿಯನ್ನು ನುಂಗುತ್ತಿತ್ತು. ಲಿಥಿಯಂನ ಬಿಎಂಎಸ್ ನುಂಗಲಿಲ್ಲ, ಕಡಿದುಕೊಂಡಿತು. ತಡೆಯುವ ಬ್ಯಾಟರಿಯೇ ಇಲ್ಲವಾದಾಗ ವೋಲ್ಟೇಜ್ ಮೇಲೇರಿ ಬಲ್ಬೂ ಮೀಟರೂ ಸುಟ್ಟವು. ಖರ್ಚು ನಾನೇ ಕೊಟ್ಟೆ, ತಪ್ಪು ನನ್ನದು.

ಅಂದಿನಿಂದ ಅಳೆಯದೆ ಲಿಥಿಯಂ ಕೂರಿಸುವುದಿಲ್ಲ. ಐಡ್ಲಿಂಗ್‌ನಲ್ಲೊಮ್ಮೆ, ರೇಸ್ ಕೊಟ್ಟು ಒಮ್ಮೆ, ಹೆಡ್‌ಲೈಟ್ ಹಾಕಿ ಒಮ್ಮೆ ನೋಡಿ. ರೇಸಿನಲ್ಲಿ 13.8ರಿಂದ 14.4ರ ಒಳಗಿದ್ದರೆ ಒಳ್ಳೆಯದು. 14.6 ದಾಟಿದರೆ ಮೊದಲು ರೆಗ್ಯುಲೇಟರ್ ಬದಲಿಸಿ, ಬ್ಯಾಟರಿ ಮಾತು ಆಮೇಲೆ.

ಎರಡೂ ಸರಿ ಇದ್ದರೆ ಧೈರ್ಯವಾಗಿ ಹಾಕಿಸಿ. ನಾಲ್ಕೈದು ಕೆಜಿಯ ಡಬ್ಬದ ಜಾಗದಲ್ಲಿ ಒಂದೂವರೆ ಕೆಜಿಯೊಳಗಿನದು ಕೂರುತ್ತದೆ, ಆಸಿಡ್ ಸೋರಿ ಫ್ರೇಮ್ ತುಕ್ಕು ಹಿಡಿಯುವುದಿಲ್ಲ. ಬಾಕ್ಸಿನಲ್ಲಿ ಉಳಿಯುವ ಜಾಗಕ್ಕೆ ಫೋಮ್ ತುರುಕಿಸಿ, ನಮ್ಮ ರಸ್ತೆಗೆ ಅಲ್ಲಾಡಿದರೆ ಟರ್ಮಿನಲ್ ಸಡಿಲವಾಗುತ್ತದೆ. ಕೊಳ್ಳುವಾಗ ಲಿಥಿಯಂ ಐರನ್ ಫಾಸ್ಫೇಟ್ ಅಂತ ಬರೆದದ್ದನ್ನೇ ಕೇಳಿ. ನಾಲ್ಕು ಸೆಲ್ ಸೇರಿ 12.8 ವೋಲ್ಟ್ ಬರುವುದರಿಂದ ಗಾಡಿಯ ಚಾರ್ಜಿಂಗಿಗೆ ಅದು ಹೊಂದುತ್ತದೆ, ಬಿಸಿಗೂ ಫೋನಿನ ಬ್ಯಾಟರಿಯಷ್ಟು ಬೇಗ ಕೆರಳುವುದಿಲ್ಲ. ಈ ವಸ್ತುವನ್ನು ಬ್ಯಾಟರಿಗೆ ತಂದದ್ದು ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್ ಅವರ ತಂಡ. 1997ರ ಅವರ ಪ್ರಬಂಧದಲ್ಲಿ ಅವರ ಜೊತೆ ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ ಎಂಬ ಹೆಸರುಗಳಿವೆ. ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿ ಕೆಲಸಕ್ಕೆ 2019ರಲ್ಲಿ ನೊಬೆಲ್ ಬಂತು. ನಂಜುಂಡಸ್ವಾಮಿ ಅನ್ನುವ ಹೆಸರನ್ನು ಅಲ್ಲಿ ನೋಡಿದಾಗ ನನಗೆ ಬಹಳ ಖುಷಿಯಾಯಿತು, ಅದಕ್ಕೇ ಇಲ್ಲಿ ಬರೆದೆ.

ಜೂನ್‌ನಲ್ಲಿ ಶೆಡ್ಡಿಗೆ ಹಾಕುವ ದಿನ ಬ್ಯಾಟರಿ ಬಿಚ್ಚಿ ಒಳಗೆ ತನ್ನಿ. ಅರ್ಧಕ್ಕಿಂತ ತುಸು ಹೆಚ್ಚು ಚಾರ್ಜ್ ಇದ್ದರೆ ಸಾಕು, ಮೂರು ತಿಂಗಳು ಆರಾಮ. ತೇವಕ್ಕೆ ಹೆದರಿ ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ಹಾಗೆ ಇಟ್ಟವರನ್ನು ನೋಡಿದ್ದೇನೆ. ಬಿಸಿ ಅದರ ಆಯುಸ್ಸನ್ನು ತಿನ್ನುತ್ತದೆ, ಬೀರುವಿನ ಮೂಲೆ ಸಾಕು.

ಜೀಪಿಗೆ ಬೇಡ. ಡೀಸೆಲ್ ಎಂಜಿನ್ ತಿರುಗಿಸಲು ದೊಡ್ಡ ಕರೆಂಟ್ ಬೇಕು, ಹೀಟರ್ ಪ್ಲಗ್ ಬೇರೆ ಎಳೆಯುತ್ತದೆ, ಅದಕ್ಕೆ ತಕ್ಕ ಲಿಥಿಯಂ ಬೆಲೆ ಕೇಳಿದರೆ ಒಂದು ಒಳ್ಳೆಯ ಟೈರ್ ಸೆಟ್ ನೆನಪಾಗುತ್ತದೆ. ಬಾನೆಟ್ ಒಳಗಿನ ಕಾವು ಒಂದು ಕಡೆ. ಇಳಿದ ಲಿಥಿಯಂ ಚಾರ್ಜನ್ನು ಗಬಗಬ ಎಳೆಯುವುದರಿಂದ ಹಳೆಯ ಆಲ್ಟರ್ನೇಟರ್ ಬಿಸಿಯಾಗುವುದು ಇನ್ನೊಂದು ಕಡೆ. ಹತ್ತು ಮೂಟೆ ಚೆರಿ ಹೊರುವ ಗಾಡಿಗೆ ಹತ್ತು ಕೆಜಿ ಇಳಿಸಿ ಸಿಗುವ ಲಾಭವೂ ಇಲ್ಲ. ಸೀಸದ್ದೇ ಇರಲಿ. ನೆಗೆಟಿವ್ ವೈರಿಗೊಂದು ಕಟಾಫ್ ಸ್ವಿಚ್ ಹಾಕಿಸಿ, ತಿಂಗಳಿಗೊಮ್ಮೆ ಚಾರ್ಜರ್ ಹಚ್ಚಿ.

ಪ್ರಶ್ನೆ: ಮನೆಯಲ್ಲಿರುವ ಹಳೆಯ ಬ್ಯಾಟರಿ ಚಾರ್ಜರ್‌ನಲ್ಲೇ ಲಿಥಿಯಂ ಚಾರ್ಜ್ ಮಾಡಬಹುದೆ?
— ಓದುಗರು, ಸುಂಟಿಕೊಪ್ಪ

ಉತ್ತರ: ಅದರ ಮೇಲೆ ರಿಪೇರ್ ಅಂತಲೋ ಡಿಸಲ್ಫೇಶನ್ ಅಂತಲೋ ಬಟನ್ ಇದ್ದರೆ ಖಂಡಿತ ಬೇಡ, ಹರಳು ಒಡೆಯಲು ಅದು 15 ವೋಲ್ಟ್ ದಾಟಿ ಹೊಡೆಯುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ, ತಾನಾಗಿ ನಿಲ್ಲದ ಹಳೇ ಕಾಲದ ಚಾರ್ಜರ್ರೂ ಬೇಡ. 14.4ಕ್ಕೆ ನಿಲ್ಲುವ ಲಿಥಿಯಂ ಚಾರ್ಜರ್ ಬೇರೆಯೇ ಕೊಳ್ಳಿ. ಇನ್ನೊಂದು ಮಾತು: ಸೀಸದ್ದರಂತೆ ವೋಲ್ಟೇಜ್ ನೋಡಿ ಎಷ್ಟು ತುಂಬಿದೆ ಅಂತ ಇದರಲ್ಲಿ ಹೇಳಲಾಗದು. ಮುಕ್ಕಾಲು ತುಂಬಿದಾಗಲೂ ಅರ್ಧ ಇದ್ದಾಗಲೂ ಮೀಟರ್ ಹೆಚ್ಚುಕಡಿಮೆ 13.2 ಆಸುಪಾಸೇ ತೋರಿಸುತ್ತದೆ.

ಪ್ರಶ್ನೆ: ಚಳಿಗೆ ಲಿಥಿಯಂ ಸೆಲ್ಫ್ ಎತ್ತುವುದಿಲ್ಲವಂತೆ. ಮಡಿಕೇರಿ ಚಳಿಗೆ ತಡೆಯುತ್ತದೆಯೆ? ಸ್ನೇಹಿತರು ಸೇರಿ ಲಡಾಖ್‌ಗೂ ಹೋಗುವವರಿದ್ದೇವೆ.
— ಓದುಗರು, ಮಡಿಕೇರಿ

ಉತ್ತರ: ಮಡಿಕೇರಿ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಡಿಸೆಂಬರ್ ಬೆಳಿಗ್ಗೆ ಮೊದಲ ಸಲ ಸೆಲ್ಫ್ ಮಂಕಾದರೆ ಒಂದು ನಿಮಿಷ ಹೆಡ್‌ಲೈಟ್ ಹಾಕಿಡಿ. ಕರೆಂಟ್ ಹರಿದು ಸೆಲ್ ಒಳಗೇ ಬೆಚ್ಚಗಾಗುತ್ತದೆ, ಎರಡನೇ ಸಲ ಎತ್ತುತ್ತದೆ. ಸೀಸದ್ದಕ್ಕೆ ಹೀಗೆ ಮಾಡಿದರೆ ಇದ್ದದ್ದೂ ಹೋಗುತ್ತದೆ, ಇದು ಲಿಥಿಯಂಗೆ ಮಾತ್ರ.

ಲಡಾಖ್ ಮಾತು ಬೇರೆ. 2009ರ ಕೊನೆಗೆ ಪೋರ್ಷೆ ಕಂಪನಿ ತನ್ನ 911 ಜಿಟಿ3 ಕಾರಿಗೆ 6 ಕೆಜಿಯ ಲಿಥಿಯಂ ಸ್ಟಾರ್ಟರ್ ಬ್ಯಾಟರಿ ಘೋಷಿಸಿದಾಗ, ಚಳಿಗಾಲಕ್ಕೆಂದು ಮಾಮೂಲಿ ಬ್ಯಾಟರಿಯನ್ನೂ ಜೊತೆಗೇ ಕೊಡುವುದಾಗಿ ಹೇಳಿತ್ತು. ಸೊನ್ನೆ ಡಿಗ್ರಿಗಿಂತ ಕೆಳಗೆ ಸೆಲ್ಫ್ ಮಂಕಾಗುವುದಕ್ಕಿಂತ ದೊಡ್ಡ ಅಪಾಯ ಚಾರ್ಜಿಂಗ್. ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜ್ ಒಳಗೆ ಹೋದರೆ ಲಿಥಿಯಂ ಲೋಹವಾಗಿ ಪ್ಲೇಟಿನ ಮೇಲೇ ಕೂತುಬಿಡುತ್ತದೆ, ಮತ್ತೆ ಸರಿಯಾಗುವುದಿಲ್ಲ. ಗಾಡಿ ಸ್ಟಾರ್ಟ್ ಆದ ಕ್ಷಣದಿಂದ ನಡೆಯುವುದು ಅದೇ ತಾನೆ. ಹಾಗಾಗಿ ರಾತ್ರಿ ಬ್ಯಾಟರಿಯನ್ನು ಹೊರಗೆ ಬಿಡಬೇಡಿ. ಎರಡು ಬೋಲ್ಟ್, ನೆಗೆಟಿವ್ ಮೊದಲು ಬಿಚ್ಚಿ, ಆಮೇಲೆ ಪಾಸಿಟಿವ್. ಬಟ್ಟೆಯಲ್ಲಿ ಸುತ್ತಿ ರೂಮಿನೊಳಗೆ ನಿಮ್ಮ ಹಾಸಿಗೆ ಪಕ್ಕ ಇಟ್ಟುಕೊಳ್ಳಿ. ಬೆಳಿಗ್ಗೆ ಹಾಕುವಾಗ ಪಾಸಿಟಿವ್ ಮೊದಲು. ಹತ್ತು ಎಂಎಂ ಸ್ಪ್ಯಾನರ್ ಜೇಬಿನಲ್ಲೇ ಇರಲಿ, ಲಗೇಜಿನ ಅಡಿಗೆ ಹಾಕಬೇಡಿ.