ಹಳೇ ಹೆಂಚಿನ ಮನೆ ಸೋರ್ತಿದೆ, ಹೆಂಚು ಇಳಿಸಿ ಶೀಟ್ ಹಾಕ್ಸೋದಾ?

ತೀರ್ಥಹಳ್ಳಿ ಕಡೆ ಅಜ್ಜನ ಕಾಲದ ಹೆಂಚಿನ ಮನೆ, ಮಳೆಗಾಲದಲ್ಲಿ ನಾಲ್ಕೈದು ಕಡೆ ಸೋರತ್ತೆ, ಊರವ್ರೆಲ್ಲ ತಗಡಿನ ಶೀಟ್ ಹೊಡೆಸಿ ಅಂತಿದಾರೆ, ಏನ್ ಮಾಡ್ಲಿ ಅಂತ ಕೇಳಿದೀರ. ನಮ್ದು ಹೊಸನಗರ ಕಡೆ, ಆರು ವರ್ಷದ ಹಿಂದೆ ಇದೇ ಮಾತು ಕೇಳ್ಕೊಂಡು ಬಚ್ಚಲೊಂದು ಬಿಟ್ಟು ಪೂರ್ತಿ ಮನೆ ಹೆಂಚು ಇಳಿಸಿ ಶೀಟ್ ಹಾಕ್ಸಿದ್ವಿ. ಈಗ ಯಾರಾದ್ರೂ ಕೇಳಿದ್ರೆ ಕೊಟ್ಟಿಗೆಗೆ ಹಾಕ್ಸಿ, ಅಂಗಳಕ್ಕೆ ಹಾಕ್ಸಿ, ಮಲಗೋ ಕಡೆ ಮಾತ್ರ ಬೇಡ ಮಾರಾಯ್ರೆ ಅಂತೀನಿ.

ಮೊದ್ಲು ಸೋರ್ತಿರೋದು ಎಲ್ಲಿಂದ ಅಂತ ನೋಡಿ. ಮಧ್ಯಾಹ್ನ ಬಿಸಿಲಿರುವಾಗ ಕಿಟಕಿ ಬಾಗ್ಲು ಹಾಕ್ಕೊಂಡು ಅಟ್ಟ ಹತ್ತಿ ಮೇಲೆ ನೋಡಿದ್ರೆ ಎಲ್ಲೆಲ್ಲಿ ಬೆಳಕು ಬರತ್ತೋ ಅಲ್ಲಲ್ಲಿ ನೀರೂ ಬರ್ತಿರಬಹುದು. ಎಷ್ಟೋ ಸಲ ಹೆಂಚು ಸರಿಯಾಗೇ ಇರತ್ತೆ, ರೀಪು (ಹೆಂಚು ಕೂರೋ ಮರದ ಪಟ್ಟಿ) ಬಾಗಿ ಹೆಂಚಿನ ಮಧ್ಯೆ ಸಂದಿ ಬಿದ್ದಿರತ್ತೆ, ಇಲ್ಲಾ ಹೆಂಚಿನ ಕಾಲುವೇಲಿ ಪಾಚಿ ತರಗೆಲೆ ಕೂತು ನೀರು ಮುಂದೆ ಹೋಗದೆ ಒಳಗೆ ಇಳೀತಿರತ್ತೆ. ಅದಕ್ಕೆಲ್ಲ ಮಾಡೇ, ಅಂದ್ರೆ ಇಡೀ ಛಾವಣಿನೇ ಬದಲಾಯಿಸೋದು ಬೇಡ, ರೀಪು ಬದಲಾಯಿಸಿ ಹೆಂಚು ತೆಗೆದು ಮತ್ತೆ ಜೋಡಿಸಿದ್ರೆ ಸಾಕು.

ನಮ್ಮನೇಲಿ ಕಾರಣ ಮಂಗ. ಹಲಸಿನ ಮರದಿಂದ ಮಾಡಿಗೆ ಹಾರೋದು, ಹೆಂಚು ಎತ್ತಿ ನೋಡೋದು, ಬಿಸಾಕೋದು. ವರ್ಷಾ ವರ್ಷಾ ನೂರಿನ್ನೂರು ಹೆಂಚು ಹೋಗ್ತಿತ್ತು, ಹತ್ತಿ ಬದಲಾಯಿಸೋ ಜನಾನೂ ಸಿಗಲ್ಲ, ಅಪ್ಪಂಗೆ ಹತ್ತೋ ವಯಸ್ಸಲ್ಲ. ಹಾಗಾಗಿ ಶೀಟ್. ಮಂಗನ ಕಾಟ ತಪ್ಪಿತು ಅನ್ನೋದು ನಿಜ, ಸುಳ್ಳು ಹೇಳಲ್ಲ.

ಆದ್ರೆ ಈಗ ಜುಲೈನಲ್ಲಿ ಅಮ್ಮಂಗೆ ಫೋನ್ ಮಾಡಿದ್ರೆ "ತಡಿಯೋ, ಬಚ್ಚಲಿಗೆ ಹೋಗ್ತೀನಿ" ಅಂತಾಳೆ. ಹಂಡೆ ಒಲೆ ಹೊಗೆ ಹೋಗ್ಲಿ ಅಂತ ಬಚ್ಚಲಿಗೆ ಮಾತ್ರ ಹೆಂಚೇ ಇಟ್ಟಿದ್ವಿ, ಶೀಟಿನ ಮೇಲೆ ಮಳೆ ಬೀಳೋ ಸದ್ದಿಗೆ ಮನೇಲಿ ಮಾತು ಕೇಳಿಸೋ ಜಾಗ ಅದೊಂದೇ. ಏಪ್ರಿಲ್ ಸೆಕೆ ಬಗ್ಗೆ ಹೇಳೋದೇ ಬೇಡ, ಚಳಿಗಾಲದ ಬೆಳಗ್ಗೆ ಶೀಟಿನ ಅಡಿ ಬೆವರಿ ತೊಟ್ಟಿಕ್ಕತ್ತೆ, ಸೋರ್ತಿದೆ ಅಂತ ಮೊದಲ ವರ್ಷ ಹೆದರಿ ಕೆಲಸದವ್ರನ್ನ ಕರೆಸಿದ್ವಿ. ಅಡಿಗೆಮನೆ ಹೆಂಚಿನ ಮಧ್ಯೆ ಒಂದು ಗಾಜಿನ ಹೆಂಚು ಇತ್ತು, ಹತ್ತು ಗಂಟೆಗೆ ಸರಿಯಾಗಿ ಬಿಸಿಲು ರುಬ್ಬೋ ಕಲ್ಲಿನ ಮೇಲೆ ಬೀಳ್ತಿತ್ತು, ಅದೂ ಹೋಯ್ತು.

ಇನ್ನೊಂದು ಯಾರೂ ಹೇಳಲ್ಲ, ತೂಕ. ಮಂಗಳೂರು ಹೆಂಚು ಒಂದು ಚದರಕ್ಕೆ ಅಂದ್ರೆ 100 ಚದರ ಅಡಿಗೆ ಹತ್ತತ್ರ 150 ಬೇಕು, ಒಂದೊಂದು ಎರಡೂವರೆ ಮೂರು ಕೆಜಿ, ಒಟ್ಟು 400 ಕೆಜಿ ಮಾಡಿನ ಮೇಲೆ ಕೂತಿರತ್ತೆ. ಅದೇ ಜಾಗಕ್ಕೆ 0.5 ಎಂಎಂ ಶೀಟು 50 ಕೆಜಿ ಒಳಗೇ. ಹಳೇ ಮರಕ್ಕೆ ಭಾರ ಇಳೀತು ಅಂತ ಖುಷಿ ಪಡ್ತೀವಿ, ಆದ್ರೆ ಗಾಳಿ ಬಂದಾಗ ಮಾಡನ್ನ ಒತ್ತಿ ಹಿಡೀತಿದ್ದಿದ್ದು ಆ ಭಾರವೇ. ಶೀಟ್ ಹಾಕ್ಸೋದಾದ್ರೆ ಟ್ರಸ್ (ಮಾಡು ಹೊರೋ ಚೌಕಟ್ಟು) ಗೋಡೆಗೆ ಭದ್ರವಾಗಿ ಕೂತಿದ್ಯಾ ನೋಡ್ಕೊಳಿ. ಮಾಡಿನ ನೆತ್ತಿಯಿಂದ ಸೂರಿನವರೆಗೆ ಒಂದೇ ಉದ್ದದ ಶೀಟ್ ಆರ್ಡರ್ ಮಾಡಿ, ಮಧ್ಯ ಜೋಡಣೆ ಬೇಡ. ಸ್ಕ್ರೂ ಜಾಸ್ತಿ ಬಿಗಿ ಮಾಡಿದ್ರೆ ರಬ್ಬರ್ ವಾಷರ್ ಹಿಸುಕಿ ಹೋಗಿ ಎರಡು ಮೂರು ವರ್ಷಕ್ಕೆ ಅಲ್ಲೇ ಸೋರತ್ತೆ, ಗ್ರೈಂಡರ್‌ನಲ್ಲಿ ಕತ್ತರಿಸಿದ್ರೆ ಕಿಡಿ ಬಿದ್ದಲ್ಲೆಲ್ಲ ತುಕ್ಕು. ಸಿಮೆಂಟ್ ಶೀಟ್ ಅಗ್ಗ ಅಂತ ಯಾರಾದ್ರೂ ಹೇಳಿದ್ರೆ ಅದ್ರಲ್ಲಿ ಆಸ್ಬೆಸ್ಟಾಸ್ ಇದ್ಯಾ ಕೇಳಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಆರ್‌ಸಿಸಿ, ಅಂದ್ರೆ ಕಾಂಕ್ರೀಟ್ ತಾರಸಿ ಬಗ್ಗೆ ಒಂದೇ ಮಾತು, ಆಗುಂಬೆ ಪಕ್ಕದ ಮಳೆಗೆ ಚಪ್ಪಟೆ ಸ್ಲ್ಯಾಬ್ ಹಾಕಿದವ್ರೆಲ್ಲ ಆಮೇಲೆ ಅದ್ರ ಮೇಲೆ ಶೀಟ್ ಹೊಡೆಸಿರೋದನ್ನೇ ನೋಡಿದೀನಿ, ಅಡಿಕೆ ಒಣಗಿಸೋಕೆ ಬೇಕು ಅಂದ್ರೆ ಬೇರೆ ಮಾತು.

ನಾನು ನಿಮ್ಮ ಜಾಗದಲ್ಲಿದ್ರೆ ಜಗಲಿಗೆ, ಮಲಗೋ ಕೋಣೆಗೆ ಕೆಳಗೆ ತೆಳು ಶೀಟ್, ಮೇಲೆ ಅದೇ ಹಳೇ ಹೆಂಚು ಹೊದೆಸ್ತಿದ್ದೆ. ಖರ್ಚು ಜಾಸ್ತಿ, ಆದ್ರೆ ಮಂಗ ಹೆಂಚು ಒಡೆದ್ರೂ ನೀರು ಒಳಗೆ ಬರಲ್ಲ. ಹೆಂಚು ಇಳಿಸುವಾಗ ಒಂದೊಂದನ್ನೂ ಬೆರಳಿಂದ ಕುಟ್ಟಿ ನೋಡಿ, ಟಣ್ ಅಂದ್ರೆ ಇಟ್ಕೊಳಿ, ದಬ್ ಅಂದ್ರೆ ಬಿರುಕಿದೆ. ತಿರುಗಿಸಿ ನೋಡಿದ್ರೆ ಕೆಲವದ್ರಲ್ಲಿ ಬಾಸೆಲ್ ಮಿಷನ್ (ಹೆಂಚು ಮಾಡ್ತಿದ್ದ ಕ್ರೈಸ್ತ ಮಿಷನರಿ ಸಂಸ್ಥೆ), 1865 ಅಂತ ಅಚ್ಚು ಇರತ್ತೆ, ಅದು ಹೆಂಚು ಸುಟ್ಟ ವರ್ಷ ಅಲ್ಲ, ಮಂಗಳೂರಲ್ಲಿ ಅವರ ಕಾರ್ಖಾನೆ ಶುರುವಾದ ವರ್ಷ. ಕಮ್ಮಿ ಬಿದ್ದಿದ್ದಕ್ಕೆ ಹೊಸದು ತರೋ ಮುಂಚೆ ಒಂದು ಹಳೇ ಹೆಂಚು ಕೈಲಿ ಹಿಡ್ಕೊಂಡೇ ಹೋಗಿ, ಒಂದು ಕಾರ್ಖಾನೆ ಹೆಂಚು ಇನ್ನೊಂದಕ್ಕೆ ಕಚ್ಚಲ್ಲ, ನಾವು ಹಂಗೇ ತಂದಿದ್ದ 300 ಹೆಂಚು ಈಗ್ಲೂ ಕೊಟ್ಟಿಗೆ ಹಿಂದೆ ಬಿದ್ದಿದೆ.

ಕೆಲಸ ಏಪ್ರಿಲ್ ಒಳಗೆ ಮುಗೀಲಿ. ನಾವು ಮೇ ತಿಂಗಳಲ್ಲಿ ಶುರು ಮಾಡಿ ಒಂದಿನ ಸಂಜೆ ಗುಡುಗು ಮಳೆ ಬಂದು ಮಾಡಿಲ್ಲದ ಮನೆ ಮೇಲೆ ನಾಲ್ಕು ಜನ ಟಾರ್ಪಾಲ್ ಹಿಡ್ಕೊಂಡು ನಿಂತಿದ್ವಿ, ಅಕ್ಕಿ ಚೀಲ ನೆಂದೇ ಹೋಯ್ತು.