ಅದುರಿದ್ದೆಲ್ಲ ಕನಸಲ್ಲ

ನಮಸ್ಕಾರ.

ನವಜಾತ ಮರಿಗಳ ನಿದ್ದೆ ಕುರಿತು ನೀವು ಕಳಿಸಿದ ‘ಕನಸು ಕಾಣುವ ಮರಿಗಳು’ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ಆದರೆ ವಿಷಯ ಕೈಬಿಡಬೇಡಿ, ತಿದ್ದಿ ಕಳಿಸಿ.

ತೊಡಕು ಶೀರ್ಷಿಕೆಯಲ್ಲೇ ಇದೆ. ಐದು ದಿನದ ಇಲಿಮರಿ ನಿದ್ದೆಯಲ್ಲಿ ಕಾಲು ಅದುರಿಸಿದ್ದನ್ನು ಕನಸು ಎಂದುಬಿಟ್ಟಿದ್ದೀರಿ. ಅದಕ್ಕೆ ಆಧಾರವಿಲ್ಲ, ಆ ಮರಿ ಕಣ್ಣು ಬಿಡುವುದೇ ಸುಮಾರು 14ನೇ ದಿನ. ಈ ಅದುರಾಟದ ಆಜ್ಞೆ ಹುಟ್ಟುವುದು ಮಿದುಳಿನ ಬುಡದಲ್ಲಿರುವ ಮಿದುಳುಕಾಂಡದಲ್ಲಿ. ಕಾಲು ಅಲುಗಿದ ಸುದ್ದಿ ಮಿದುಳಿಗೆ ಮರಳಿ, ಯಾವ ಅಂಗ ಎಲ್ಲಿದೆ ಎಂದು ತಿಳಿಯಲು ನೆರವಾಗುತ್ತದೆ ಎಂಬುದು ಸಂಶೋಧಕರ ವಾದ. ಕನಸಿಗಿಂತ ಇದು ಎಷ್ಟೋ ಸೊಗಸಾದ ಸಂಗತಿ!

‘ಇಇಜಿ ಅಲೆ ನೋಡಿ ನಿದ್ದೆಯ ಬಗೆ ಗುರುತಿಸುತ್ತಾರೆ’ ಎಂದಿದ್ದೀರಿ. ಇಇಜಿ ಎಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ, ಆ ವಯಸ್ಸಿನಲ್ಲಿ ಅದರಿಂದ ಗುರುತಿಸಲಾಗದು. ಇಲಿಮರಿಯಲ್ಲಿ ಶಾಂತ ನಿದ್ದೆಯ ಡೆಲ್ಟಾ ಅಲೆಗಳು, ಅಂದರೆ ನಿಧಾನಗತಿಯ ದೊಡ್ಡ ಅಲೆಗಳು, ಕಾಣುವುದು 11ನೇ ದಿನದ ಆಸುಪಾಸಿಗೆ. ಅಲ್ಲಿಯವರೆಗೆ ಕತ್ತಿನ ಸ್ನಾಯುವೇ ಗುರುತು. ಎಚ್ಚರವಿದ್ದಾಗ ಅದು ಬಿಗಿ. ಸಡಿಲಗೊಂಡು ಮರಿ ಅಲುಗದೆ ಬಿದ್ದಿದ್ದರೆ ಶಾಂತ ನಿದ್ದೆ. ಸಡಿಲವಿದ್ದಾಗಲೇ ಮೀಸೆ, ಮುಂಗಾಲು, ಬಾಲ ಚಕ್ಕಚಕ್ಕನೆ ಅದುರಿದರೆ ಸಕ್ರಿಯ ನಿದ್ದೆ. ಮೊದಲ ದಿನಗಳಲ್ಲಿ ನಿದ್ದೆ, ಎಚ್ಚರಗಳ ಒಂದೊಂದು ಸರದಿ ಕೆಲವು ಸೆಕೆಂಡುಗಳದ್ದು. ನಿಮಿಷದ ಲೆಕ್ಕದಲ್ಲಿ ಬರೆದುಕೊಂಡರೆ ನಿದ್ದೆ, ಎಚ್ಚರ ಎರಡೂ ಕಲಸಿಹೋಗುತ್ತವೆ. ಮರಿಗೆ ಚಳಿಯಾದರೂ ಅದುರಾಟ ಇಳಿಯುತ್ತದೆ, ಹಾಗಾಗಿ ಸುತ್ತಲಿನ ತಾಪಮಾನ ಹೇಳದ ಎಣಿಕೆಗೆ ಬೆಲೆಯಿಲ್ಲ.

‘ಎಲ್ಲ ಸಸ್ತನಿಗಳೂ ಹೀಗೆಯೇ’ ಎಂಬ ವಾಕ್ಯ ಹೊಡೆದುಹಾಕಿ. ಇಲಿ 21–22 ದಿನಕ್ಕೆ ಹುಟ್ಟುತ್ತದೆ, ಬೆತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು. ಗಿನಿಪಿಗ್ ಎರಡು ತಿಂಗಳಿಗೂ ಹೆಚ್ಚು ಗರ್ಭದಲ್ಲಿದ್ದು ಕಣ್ಣು ಬಿಟ್ಟುಕೊಂಡೇ ಬರುತ್ತದೆ, ಅದರ ನಿದ್ದೆ ಆಗಲೇ ದೊಡ್ಡವುಗಳದ್ದಕ್ಕೆ ಹತ್ತಿರ. ಹುಟ್ಟಿದ ದಿನವನ್ನಲ್ಲ, ಮಿದುಳು ಎಷ್ಟು ಮಾಗಿದೆ ಎಂಬುದನ್ನು ಹೋಲಿಸಿ.

ಮನುಷ್ಯ ಶಿಶುವಿನ ಬಗ್ಗೆ ಬರೆದದ್ದು ಸರಿಯಾಗಿದೆ. ಅದರ ನಿದ್ದೆಯಲ್ಲಿ ಸುಮಾರು ಅರ್ಧ ಸಕ್ರಿಯ ನಿದ್ದೆ ಎಂಬ ಅಂಕಿಯ ಜೊತೆಗೆ ನಿದ್ದೆಯ ಸಂಶೋಧಕರಾದ ರಾಫ್‌ವಾರ್ಗ್, ಮುಜಿಯೊ, ಡಿಮೆಂಟ್ ಅವರ 1966ರ ಪ್ರಬಂಧವನ್ನು ಹೆಸರಿಸಿ. ಮೊದಲ ಕೆಲವು ತಿಂಗಳು ಶಿಶು ನಿದ್ದೆಗೆ ಜಾರುವುದೇ ಸಕ್ರಿಯ ನಿದ್ದೆಯ ಮೂಲಕ ಎಂಬುದನ್ನೂ ಸೇರಿಸಿ.

ನಿದ್ದೆಯ ಮಹಿಮೆ ಹೊಗಳುವ ಮೊದಲ ಎರಡು ಪ್ಯಾರಾ ಬೇಡ. ಮೂರನೇ ಪುಟದಲ್ಲಿ ‘ಮೊದಲು ಬಾಲ, ಆಮೇಲೆ ಹಿಂಗಾಲು, ಪಕ್ಕದ ಮರಿ ಮೈಮೇಲೆ ಹತ್ತಿದರೂ ಏಳಲಿಲ್ಲ’ ಎಂದು ಬರೆದಿದ್ದೀರಲ್ಲ, ಲೇಖನ ಅಲ್ಲಿಂದ ಶುರುವಾಗಲಿ.