ಮನೆಮಾತಿನ ಕಲಿಕೆಗೆ ಅಂಕ ಕೊಡುವುದು ಹೇಗೆ?

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ನಮ್ಮಲ್ಲಿ ಹಕ್ಕಿಪಿಕ್ಕಿ ಸಮುದಾಯದ ಮಕ್ಕಳೂ ಓದುತ್ತಿದ್ದಾರೆ. ಅವರ ಮನೆಮಾತಾದ ವಾಗ್ರಿಬೋಲಿಯನ್ನು ಹಿರಿಯರ ನೆರವಿನಿಂದ ವಾರಕ್ಕೊಂದು ಅವಧಿ ಕಲಿಸುವ ಯೋಚನೆಯಿದೆ. ಇತರ ಮಕ್ಕಳೂ ಸೇರಲಿದ್ದಾರೆ. ವರ್ಷದ ಕೊನೆಗೆ ಲಿಖಿತ ಪರೀಕ್ಷೆ ಇಟ್ಟರೆ ಸಾಕೆ?
— ಓದುಗರು, ಬೇಲೂರು ತಾಲ್ಲೂಕು

ಉತ್ತರ: ಸಾಲದು. ಮೊದಲ ವರ್ಷ ಅದನ್ನು ಇಡದಿರುವುದೇ ಲೇಸು. ವಾಗ್ರಿಬೋಲಿ ಗುಜರಾತಿಗೆ ಹತ್ತಿರದ, ಸ್ವಂತ ಲಿಪಿಯಿಲ್ಲದ ಭಾಷೆ. ಕನ್ನಡ ಲಿಪಿಯಲ್ಲಿ ಬರೆಸುವುದಾದರೆ ಯಾವ ಉಚ್ಚಾರಕ್ಕೆ ಯಾವ ಅಕ್ಷರ ಎಂಬುದನ್ನು ತರಗತಿಯೂ ಹಿರಿಯರೂ ಕೂಡಿ ಗೊತ್ತುಮಾಡಿಕೊಳ್ಳುವವರೆಗೆ ಕಾಗುಣಿತಕ್ಕೆ ಅಂಕ ಕಳೆಯಲು ನಮಗೆ ಆಧಾರವೇ ಇರುವುದಿಲ್ಲ.

ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಿ ರೂಢಿಯಾಗಿರುವ ಶೇ 80ರಷ್ಟು ಅಂಕ ಬರಹಕ್ಕೆ, ಶೇ 20ರಷ್ಟು ಆಂತರಿಕ ಮೌಲ್ಯಮಾಪನಕ್ಕೆ ಎಂಬ ವಿಂಗಡಣೆ ಓದುಬರಹ ಬೇರೂರಿದ ಭಾಷೆಗಳಿಗೆ ಹೊಂದುತ್ತದೆ. ಮಾತಿನಲ್ಲೇ ಉಳಿದುಬಂದ ಭಾಷೆಗೆ ಅದನ್ನು ತೊಡಿಸಿದರೆ ಮನೆಯಲ್ಲಿ ನಿರರ್ಗಳವಾಗಿ ಮಾತಾಡುವ ಹುಡುಗನೇ ಅನುತ್ತೀರ್ಣನಾದಾನು. 1987ರಲ್ಲಿ ತನ್ನ ಮೂಲನಿವಾಸಿಗಳ ಮಾತಾದ ಮಾವೊರಿಯನ್ನು ಅಧಿಕೃತ ಭಾಷೆಯಾಗಿಸಿದ ನ್ಯೂಜಿಲೆಂಡಿನ ಪ್ರೌಢಶಾಲೆಗಳಲ್ಲಿ 2002ರಿಂದ ಜಾರಿಗೆ ಬಂದ ಅರ್ಹತಾ ಪದ್ಧತಿಯಲ್ಲಿ ಮಾವೊರಿ ಮಾತುಗಾರಿಕೆಗೂ ಪ್ರತ್ಯೇಕ ಮಾನ್ಯತೆ ದೊರೆಯಿತು. ಆಯಾ ಶಾಲೆಯ ಶಿಕ್ಷಕರೇ ಅದನ್ನು ಅಳೆದರೂ, ಅರ್ಹತಾ ಪ್ರಾಧಿಕಾರವು ಮಾದರಿಗಳನ್ನು ತರಿಸಿಕೊಂಡು ಶ್ರೇಣಿ ಸರಿಯೇ ಎಂದು ತಾಳೆ ನೋಡುತ್ತದೆ. ನೀವೂ ಪಕ್ಕದ ಶಾಲೆಯ ಒಬ್ಬ ಭಾಷಾ ಶಿಕ್ಷಕರನ್ನೂ ಸಮುದಾಯದ ಒಬ್ಬ ಹಿರಿಯರನ್ನೂ ಹೀಗೆ ತಾಳೆ ನೋಡಲು ಕೇಳಿಕೊಳ್ಳಬಹುದು. ಆದರೆ ಅಂಕ ಹಾಕುವ ಹೊಣೆಯನ್ನು ಹಿರಿಯರ ಮೇಲೆ ಹೊರಿಸಬೇಡಿ. ಬಂಧುಗಳ ಮಕ್ಕಳಿಗೆ ಅಂಕ ಕೊಡುವ ಮುಜುಗರ ಅವರಿಗೇಕೆ?

ಮಗುವಿಗೆ ಕೊಡುವ ಕೆಲಸ ನಿಜವಾದ ಮಾತುಕತೆಯೇ ಆಗಿರಲಿ. ಬೇಲೂರಿನ ಸಂತೆಗೆ ಹೋಗಿಬಂದದ್ದನ್ನು ಅಜ್ಜಿಯೊಬ್ಬರಿಗೆ ಎರಡು ನಿಮಿಷ ಹೇಳಲಿ, ಅಜ್ಜಿ ನಡುವೆ ಬಾಯಿ ಹಾಕಿ ‘ಯಾಕೆ ತಡವಾಯಿತು?’ ಎಂದು ಕೇಳಲಿ. ಬಾಯಿಪಾಠ ಮಾಡಿಕೊಂಡು ಬಂದವರು ತಡವರಿಸುವುದೂ ಭಾಷೆ ಬಲ್ಲವರು ಮುಂದುವರಿಯುವುದೂ ಅಲ್ಲಿಯೇ ತಿಳಿಯುತ್ತದೆ. ಬಸ್ಸು, ಮೊಬೈಲು, ಚೀಲ ಎಂಬ ಪದಗಳು ನುಸುಳಿದವೆಂದು ಅಂಕ ಕಳೆಯಬೇಡಿ. ನಾಮಪದಗಳು ಎಲ್ಲ ಭಾಷೆಗಳಲ್ಲೂ ಎರವಲು ಬರುತ್ತವೆ. ಕ್ರಿಯಾಪದವೂ ವಾಕ್ಯದ ಕಟ್ಟೂ ವಾಗ್ರಿಯದೇ ಆಗಿ ಉಳಿದಿವೆಯೇ, ಹಿರಿಯರೊಡನೆ ಮಾತಾಡುವ ರೀತಿ ಗೆಳೆಯರೊಡನೆ ಮಾತಾಡುವುದಕ್ಕಿಂತ ಬೇರೆಯಾಗಿದೆಯೇ ಎಂಬುದನ್ನು ಹಿರಿಯರನ್ನೇ ಕೇಳಿ ಗುರುತು ಹಾಕಿಕೊಳ್ಳಿ.

ಮನೆಯಲ್ಲೇ ವಾಗ್ರಿ ಆಡುವವರನ್ನೂ ಹೊಸದಾಗಿ ಕಲಿಯುವವರನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ಅನ್ಯಾಯ. ಜೂನ್ ತಿಂಗಳಲ್ಲಿ ಪ್ರತಿಯೊಬ್ಬರ ಮಾತನ್ನೂ ಧ್ವನಿಮುದ್ರಿಸಿ, ಫೆಬ್ರುವರಿಯಲ್ಲಿ ಅಂಥದೇ ಕೆಲಸ ಕೊಟ್ಟು ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿ. ಹೊಸಬರಿಗೆ ಆ ನಡುವಿನ ಬೆಳವಣಿಗೆಯೇ ಸಾಧನೆ. ಮನೆಮಾತಿನವರಿಗೆ ಕೆಲಸದ ಮಟ್ಟ ಏರಿಸಬೇಕು. ಕಥೆಯೊಂದನ್ನು ಚಿಕ್ಕ ಮಕ್ಕಳಿಗೆ ಹೇಳುವುದು, ವಾಗ್ರಿಯಲ್ಲಿ ಕೇಳಿದ್ದನ್ನು ಕನ್ನಡಕ್ಕೆ ತರುವುದು ಇತ್ಯಾದಿ. ಅಂಕಪಟ್ಟಿಯಲ್ಲಿ ಸಂಖ್ಯೆಗೆ ಬದಲಾಗಿ ‘ಕೇಳಿದ ಪ್ರಶ್ನೆಗೆ ಅದೇ ಭಾಷೆಯಲ್ಲಿ ಉತ್ತರಿಸುತ್ತಾಳೆ’ ಎಂಬಂಥ ಒಂದೆರಡು ವಾಕ್ಯಗಳನ್ನು ಬರೆದರೆ ಪೋಷಕರಿಗೂ ಹೆಚ್ಚು ತಿಳಿಯುತ್ತದೆ.

ಧ್ವನಿಮುದ್ರಣಕ್ಕೆ ಪೋಷಕರ ಲಿಖಿತ ಒಪ್ಪಿಗೆ ಪಡೆದು, ಅದರ ಒಂದು ನಕಲನ್ನು ಸಮುದಾಯದವರಿಗೂ ಕೊಡಿ. ಗಿಡಮೂಲಿಕೆಯ ತಲೆ ಎಣ್ಣೆ ಮಾರುವುದು ಅನೇಕ ಹಕ್ಕಿಪಿಕ್ಕಿ ಕುಟುಂಬಗಳ ಜೀವನೋಪಾಯವಾದ್ದರಿಂದ, ಕಸುಬಿನ ಗುಟ್ಟು ಹೊರಬೀಳದಂತೆ, ಅದನ್ನು ಕಾಯಿಸುವ ಬಗೆಯನ್ನು ವಿವರಿಸಲು ಮಕ್ಕಳನ್ನು ಕೇಳುವುದಂತೂ ಬೇಡ.